ಚಿಮಣಿಯೊಳಗಿನ ಸುನೀತ

ಮೈತ್ರೇಯಿ ಇಂಗ್ಲೆಂಡಿನಲ್ಲಿರುವ ನಮ್ಮ ಎಜ್‌ಬಾಸ್ಟನ್ ಮನೆಗೆ ಬಂದಾಗ ಅವಳ ಬಲಗೈಗೆ ಪ್ಲಾಸ್ಟರ್ ಇತ್ತು. ಹಾಕಿದವಳು ನಾನೇ. ಹಿಂದಿನ ದಿನ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ, ಮೆಟ್ಟಿಲಿನಿಂದ ಬಿದ್ದೆ ಎಂದಷ್ಟೇ ಹೇಳಿದ್ದಳು. ಆದರೆ ಪರದೆ ಅಲುಗಿದರೂ ಬೆಚ್ಚುತ್ತಿದ್ದಳು. ಅದಕ್ಕೇ ವಸುಂಧರಕ್ಕನನ್ನು ಒಮ್ಮೆ ನೋಡು ಎಂದು ನಮ್ಮ ವಿಳಾಸ ಕೊಟ್ಟಿದ್ದೆ.

ವಸುಂಧರಕ್ಕ ಮೈಸೂರಿನಲ್ಲಿ ಕಾವ್ಯ ಪಾಠ ಮಾಡಿ ನಿವೃತ್ತರಾದವರು, ನನ್ನ ಮನೆಯ ಮೇಲಿನ ರೂಮಿನಲ್ಲಿದ್ದರು. ಪೊಲೀಸರಿಗೆ ಹೇಳಲಾಗದ ಎಷ್ಟೋ ಸಂಗತಿಗಳನ್ನು ಇಲ್ಲಿನ ಕನ್ನಡದವರು ಅವರ ಮುಂದೆ ತಂದಿಡುತ್ತಿದ್ದರು. "ಸಲೀಮಾ, ನೀನೂ ಕೂತುಕೋ" ಎಂದು ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು.

"ನನ್ನ ರೂಮಿನಲ್ಲಿ ಯಾರೋ ಕವಿತೆ ಓದ್ತಾರೆ, ಮೇಡಂ," ಎಂದಳು ಮೈತ್ರೇಯಿ. "ಆದ್ರೆ ಅಲ್ಲಿ ಯಾರೂ ಇರಲ್ಲ."

ಅವಳ ಸಂಶೋಧನೆ ಮಧ್ಯಯುಗದ ಇಟಲಿಯ ಕಾವ್ಯದ ಮೇಲೆ. ಸಿಸಿಲಿಯ ಅರಮನೆಯೊಂದರಲ್ಲಿ ಹುಟ್ಟಿದ ಹದಿನಾಲ್ಕು ಸಾಲಿನ ಸುನೀತ ಯೂರೋಪಿನ ಭಾಷೆಗಳಿಗೆಲ್ಲ ಹೇಗೆ ಹರಡಿತು ಎಂಬುದು ವಿಷಯ. ವಸಂತದಲ್ಲಿ ಇಟಲಿಯ ವಿಶ್ವವಿದ್ಯಾಲಯವೊಂದರಲ್ಲಿ ಹುದ್ದೆ ಸಿಕ್ಕಿ ಹೊರಡುವವಳಿದ್ದಳು. ಅದು ಗೊತ್ತಾದ ಮೇಲೆ ಶುರುವಾಯಿತು. ಕತ್ತಲಾಗುವ ಹೊತ್ತಿಗೆ ಗೋಡೆಯೊಳಗಿಂದ ಮುದುಕನೊಬ್ಬನ ದನಿ, ಇಟಾಲಿಯನ್ನಿನಲ್ಲಿ. ಓದಿ ಓದಿ ತಲೆ ಕೆಟ್ಟಿತೇನೋ ಎಂದು ಯಾರಿಗೂ ಹೇಳದೆ ಉಳಿದಳು. ನಿನ್ನೆ ಆ ದನಿ ಅವಳ ಹೆಸರು ಹಿಡಿದು ಕರೆದಿತ್ತು. ಓಡುವಾಗ ಬಿದ್ದಳು.

ಕೊವೆಂಟ್ರಿಯಲ್ಲಿ ಅವಳು ಬಾಡಿಗೆಗಿದ್ದ ಹಳೆಯ ಮನೆಯಲ್ಲಿ ಜೊತೆಗೆ ಇಬ್ಬರಿದ್ದರು. ಮಯೂರ್ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ವಿಡಿಯೋ ಗೇಮ್‌ಗಳಿಗೆ ಧ್ವನಿ ಮಾಡುವವನು. ಅವನಿಗೆ ಇಟಾಲಿಯನ್ ಒಂದಕ್ಷರ ಬಾರದು, ಕವಿತೆಯೂ ಬೇಡ. ಪ್ರತೀಕ್ಷಾ ಶಾಲೆಯಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವವಳು. ಮೈತ್ರೇಯಿಯ ಜೊತೆ ಕೂತು ಅಷ್ಟಿಷ್ಟು ಇಟಾಲಿಯನ್ ಕಲಿತಿದ್ದಳು. ಹೊರಗಿನವನೆಂದರೆ ಮೈತ್ರೇಯಿಯ ಸಹೋದ್ಯೋಗಿ ರುಜ್ಜೇರೋ. ಸಿಸಿಲಿಯವನು, ಅದೇ ಹುದ್ದೆಗೆ ಪ್ರಯತ್ನಿಸಿ ಸೋತವನು.

"ಬೇರೆಯವರಿಗೂ ಕೇಳಿಸಿತಾ?" ಎಂದರು ವಸುಂಧರಕ್ಕ.

"ಪ್ರತೀಕ್ಷಾ ಪಕ್ಕದ ರೂಮಿನಲ್ಲೇ ಇರ್ತಿದ್ಲು. ಅವಳಿಗೆ ಏನೂ ಕೇಳಿಸಿಲ್ಲವಂತೆ. ಆದ್ರೆ ಪುಣ್ಯಕ್ಕೆ ಪ್ರತಿ ಸಲವೂ ಅವಳು ಮನೆಯಲ್ಲೇ ಇದ್ಲು. ಅವಳ ಹತ್ರ ಓಡಿ ಹೋಗ್ತಿದ್ದೆ."

ಒಮ್ಮೆ ಮಾತ್ರ ಧೈರ್ಯ ಮಾಡಿ ಆ ದನಿಯನ್ನು ಫೋನಿನಲ್ಲಿ ಹಿಡಿದಿದ್ದಳು. ಅದನ್ನು ನಮಗೆ ಕೇಳಿಸಿ, ತಾನು ಎಲ್ಲೂ ಓದದ ಕವಿತೆ ಎನ್ನುತ್ತಾ ಅರ್ಥ ಹೇಳಿದಳು. ಸಮುದ್ರ ದಾಟಿದವಳನ್ನು ಹೆಸರು ಹಿಡಿದು ಕರೆಯಲು ಯಾರೂ ಉಳಿಯುವುದಿಲ್ಲ ಎಂಬ ಅರ್ಥದ ಸಾಲುಗಳವು. ವಸುಂಧರಕ್ಕ ಕಣ್ಣು ಮುಚ್ಚಿ ಬೆರಳಲ್ಲಿ ಸಾಲು ಎಣಿಸಿದರು. ಆ ದನಿ ನಡುವೆ ಎಲ್ಲೂ ನಿಲ್ಲಲಿಲ್ಲ. ಹನ್ನೆರಡು ಸಾಲಾದ ಮೇಲೆ ಉಸಿರೆಳೆದು, ಒಂದೇ ಪ್ರಾಸದ ಎರಡು ಸಾಲು ಹೇಳಿ ಮುಗಿಸಿತು.

ಮರುದಿನ ನಾವು ಆ ಮನೆಗೆ ಹೋದೆವು. ಮೈತ್ರೇಯಿಯ ರೂಮಿಗೆ ಕಾಲಿಟ್ಟಾಗ ಸಂಜೆಯಾಗುತ್ತಿತ್ತು. ಪಕ್ಕದ ರೂಮಿನಲ್ಲಿ ಯಾರೋ ಕುರ್ಚಿ ಎಳೆದದ್ದು ನಮ್ಮ ಬೆನ್ನ ಹಿಂದೆಯೇ ಎಳೆದಂತೆ ಕೇಳಿ ನಾನು ಬೆಚ್ಚಿದೆ. ಬಳಸದ ಅಗ್ಗಿಷ್ಟಿಕೆಗೆ ಹಲಗೆ ಹೊಡೆದಿತ್ತು. ಅದನ್ನು ಕಿತ್ತಾಗ ಮಸಿಯ ನಡುವೆ ಪುಟ್ಟ ಸ್ಪೀಕರ್ ಸಿಕ್ಕಿತು. ಅದು ಮಯೂರ್‌ನದು ಎಂದು ಮೈತ್ರೇಯಿ ಗುರುತಿಸಿದಳು.

ವಸುಂಧರಕ್ಕ ಎಲ್ಲರನ್ನೂ ಕೆಳಗಿನ ಕೋಣೆಗೆ ಕರೆಸಿದರು. ರುಜ್ಜೇರೋ ಕೂಡ ಬಂದ. ಮಯೂರ್‌ನ ಮುಖ ಬಿಳಿಚಿತ್ತು. ಸ್ಪೀಕರ್ ಕಳೆದು ಎಷ್ಟೋ ದಿನವಾಯಿತು ಎಂದ.

"ನಿಜ ಇರಬಹುದು," ಎಂದರು ವಸುಂಧರಕ್ಕ. "ಸ್ಪೀಕರ್ ಯಾರಾದರೂ ತಗೋಬಹುದು. ಕಂಪ್ಯೂಟರಿನಲ್ಲಿ ಮುದುಕನ ದನಿ ಯಾರಾದರೂ ಮಾಡಬಹುದು. ಆ ಕವಿತೆ ಬರೆಯೋದು ಎಲ್ಲರಿಗೂ ಆಗಲ್ಲ."

ಕನ್ನಡದಲ್ಲಿ ಸುನೀತಕ್ಕೆ ಅಷ್ಟಷಟ್ಪದಿ ಎಂಬ ಹೆಸರೂ ಇದೆ ಎಂದು ಅವರು ವಿವರಿಸಿದರು. ಎಂಟು ಸಾಲು, ಒಂದು ತಿರುವು, ಆಮೇಲೆ ಆರು: ಇಟಲಿಯವರ ಕಟ್ಟು ಅದು. ಇಂಗ್ಲಿಷರು ಅದನ್ನು ತಂದುಕೊಂಡ ಮೇಲೆ ಹನ್ನೆರಡು ಸಾಲು ಹೇಳಿ ಕೊನೆಗೆ ಜೋಡಿ ಪ್ರಾಸ ಕೂರಿಸುವುದನ್ನು ರೂಢಿ ಮಾಡಿಕೊಂಡರು. ಸಿಸಿಲಿಯ ರುಜ್ಜೇರೋ ಸತ್ತ ಕವಿಯೊಬ್ಬನ ದನಿ ಕಟ್ಟಿದ್ದರೆ ಹಾಗೆ ಮುಗಿಸುತ್ತಿರಲಿಲ್ಲ. ಅವನ ಬಳಿ ಈ ಮನೆಯ ಕೀಲಿಯೂ ಇರಲಿಲ್ಲ. ಮಯೂರ್‌ಗೆ ಭಾಷೆಯೇ ಬಾರದು. ಭಾಷೆ ಇಟಲಿಯದು, ಕಟ್ಟು ಇಂಗ್ಲೆಂಡಿನದು. ಎರಡೂ ಒಬ್ಬರಲ್ಲೇ ಸೇರಿದ್ದವು.

"ಕುರ್ಚಿ ಎಳೆದರೆ ಕೇಳಿಸೋ ಗೋಡೆ ಅದು," ಎಂದು ಅವರು ಮೆಲ್ಲಗೆ ಹೇಳಿದರು. "ಪ್ರತಿ ಸಲವೂ ಪಕ್ಕದಲ್ಲೇ ಇದ್ದು ಏನೂ ಕೇಳಿಸಲಿಲ್ಲ ಅಂದೆ. ಯಾಕಮ್ಮಾ ಪ್ರತೀಕ್ಷಾ?"

ಪ್ರತೀಕ್ಷಾ ನಿರಾಕರಿಸಲಿಲ್ಲ. ಮೈತ್ರೇಯಿಯ ಪ್ಲಾಸ್ಟರನ್ನೇ ನೋಡುತ್ತಾ, ಅವಳನ್ನು ಬೀಳಿಸುವ ಉದ್ದೇಶ ತನಗಿರಲಿಲ್ಲ ಎಂದಳು. ಹೊರಡುವ ಸುದ್ದಿ ಕೇಳಿದ ಮೇಲೆ ಈ ಊರಲ್ಲಿ ಒಬ್ಬಳೇ ಉಳಿಯುವುದನ್ನು ನೆನೆದರೆ ಉಸಿರು ಕಟ್ಟುತ್ತಿತ್ತಂತೆ.

"ಹೆದರಿದಾಗ ನೀನು ನನ್ನ ಹತ್ರ ಓಡಿ ಬರ್ತಿದ್ದೆ," ಎಂದಳು. "ಬೆಳಗಿನವರೆಗೂ ಕೈ ಬಿಡ್ತಿರಲಿಲ್ಲ."

ಅದನ್ನು ಅವಳು ಹೇಳಿದ ಮೃದುತನಕ್ಕೆ, ಗೋಡೆಯ ದನಿಗಿಂತ ಹೆಚ್ಚಾಗಿ, ನನಗೆ ಭಯವಾಯಿತು.

"ಹೋಗಬೇಡ ಅಂತ ಒಂದು ಮಾತು ಕೇಳಬಹುದಿತ್ತಲ್ಲ," ಎಂದಳು ಮೈತ್ರೇಯಿ.

"ಕೇಳಿದ್ರೆ ನಿಲ್ತಿದ್ಯಾ?"

ಮೈತ್ರೇಯಿ ಸುಳ್ಳು ಹೇಳಲಿಲ್ಲ. "ಇಲ್ಲ," ಎಂದಳು. ಎದ್ದು ನಿಂತವಳನ್ನು ನಾವು ಹಿಡಿಯಲು ಹೋದಾಗ ಬೇಡವೆಂದು ಒಬ್ಬಳೇ ಬಾಗಿಲವರೆಗೆ ನಡೆದಳು.