ಹಗ್ಗ ಬಿಚ್ಚಿ ಮಡಚುವ ಕೆಲಸ

ಮಳೆ ಹಿಡಿಯುವ ಮುಂಚೆ ಗುಹೆಯಿಂದ ಪೆಟ್ಟಿಗೆ ತರಬೇಕು. ಕೆಲಸ ಇಷ್ಟೇ. ಆದರೆ ಪ್ಲಾನಪ್ಪನ ಕೈಗೆ ಸಿಕ್ಕ ಮೇಲೆ ಯಾವ ಕೆಲಸವೂ ಇಷ್ಟೇ ಆಗಿ ಉಳಿಯುವುದಿಲ್ಲ.

ಅವನು ಕಟ್ಟಡದ ಕಾಮಗಾರಿ ನೋಡಿಕೊಳ್ಳುವವನು. ಯಾವ ಗೋಡೆ ಯಾವಾಗ ಏಳಬೇಕು, ಅದಕ್ಕೆ ಮುಂಚೆ ಏನಾಗಬೇಕು, ಅದು ಯಾರ ಹೊಣೆ ಎಂದು ಕೆಲಸವನ್ನು ಚೂರು ಚೂರು ಮಾಡಿ, ಚೂರಿಗೊಂದು ಕಾರ್ಡು ಬರೆದು ಸಾಲಾಗಿ ಜೋಡಿಸುವುದೇ ಅವನ ಕಸುಬು. ಮನೆಯಲ್ಲೂ ಅದೇ ಚಾಳಿ. ಊಟದ ಕೋಣೆಗೆ ಅಡ್ಡಲಾಗಿ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ, ಇಡೀ ಯಾತ್ರೆಯನ್ನು ನೇತುಹಾಕಿದ್ದ. ತಟ್ಟೆ ಇಡಲು ಬಂದವರ ಹಣೆಗೆ ‘ಬೂಟಿನ ಲಾಡಿ ಬಿಗಿಯುವುದು’ ಬಡಿಯುತ್ತಿತ್ತು.

ಪೆಟ್ಟಿಗೆ ಅವನ ಹೆಂಡತಿಯದು. ಬಾವಲಿಗಳ ಮೇಲೆ ಸಂಶೋಧನೆ ಮಾಡುವ ಆಕೆಗೆ ಬೀದಿಯವರೆಲ್ಲ ಬಾವಲಿ ಡಾಕ್ಟರು ಎನ್ನುತ್ತಿದ್ದರು. ಒಬ್ಬಾಕೆ ಕೆಮ್ಮುವ ಬೆಕ್ಕನ್ನೂ ತಂದು ತೋರಿಸಿ ಹೋಗಿದ್ದಳು. ಕತ್ತಲಲ್ಲಿ ಸಾವಿರ ಮರಿಗಳು ಒಟ್ಟಿಗೆ ಕಿರುಚಿದರೂ ತಾಯಿ ಬಾವಲಿ ತನ್ನ ಮರಿಯ ದನಿಯನ್ನು ಹೇಗೆ ಗುರುತಿಸುತ್ತದೆ? ಇದೇ ಡಾಕ್ಟರ ಪ್ರಶ್ನೆ. ಅದಕ್ಕಾಗಿ ದನಿ ಹಿಡಿಯುವ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಗುಹೆಯಲ್ಲಿ ಬಿಟ್ಟಿದ್ದರು. ಹೋದ ವರ್ಷದ ಯಂತ್ರ ಮಳೆನೀರಿನಲ್ಲಿ ಕೊಚ್ಚಿಹೋಗಿತ್ತು. ಇದೂ ಹೋದರೆ ಇನ್ನೊಂದು ಕೊಡುವುದಿಲ್ಲ, ಸಂಶೋಧನೆಯನ್ನೂ ಅಲ್ಲಿಗೇ ನಿಲ್ಲಿಸಿ ಎಂದು ಸಂಸ್ಥೆಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ತಂಡದ ಮೂರನೆಯವರು ಪ್ಲಾನಪ್ಪನ ತಾಯಿ. ಶಾಲೆಯಲ್ಲಿ ಆಟ ಹೇಳಿಕೊಟ್ಟು ನಿವೃತ್ತರಾದ ಟೀಚರಮ್ಮ. ಕಡ್ಡಿಯಂಥ ಮೈ, ಕೊರಳಲ್ಲಿ ಈಗಲೂ ವಿಸಿಲ್. ಹಗ್ಗ ಹತ್ತುವುದರಲ್ಲಿ ಎತ್ತಿದ ಕೈ.

“ಎಲ್ಲಾರೂ ತಂತಮ್ಮ ಕಾರ್ಡ್ ನೋಡ್ಕೊಂಡ್ ಕೆಲಸ ಮಾಡಿ ಸಾಕು. ಸ್ವಂತ ತಲೆ ಓಡಿಸ್ಬೇಡಿ,” ಎಂದ ಪ್ಲಾನಪ್ಪ.

“ನಿನ್ ತಲೆ ಸರಿಯಾಗಿ ಓಡಿದ್ರೆ ಸಾಕಪ್ಪ,” ಎಂದರು ತಾಯಿ.

ಬೆಳಗಾಗುತ್ತಲೇ ಜೀಪು ಕಾಡಿನ ಅಂಚಿನಲ್ಲಿ ನಿಂತಿತು. ಅಲ್ಲಿಂದ ಮುಂದೆ ಕಾಲೇ ಗತಿ. ಆಕಾಶ ಕಾಣದಂತೆ ಮರಗಳು ಒತ್ತಾಗಿ ನಿಂತಿದ್ದವು. ತೊಡೆದಪ್ಪದ ಬಳ್ಳಿಗಳು ಕೊಂಬೆಯಿಂದ ಕೊಂಬೆಗೆ ಜೋತುಬಿದ್ದಿದ್ದವು, ನೆಲದ ತುಂಬ ಒದ್ದೆ ಎಲೆ. ಎಲ್ಲೋ ಮರಕುಟಿಗವೊಂದು ಬಿಟ್ಟು ಬಿಟ್ಟು ಕುಟ್ಟುತ್ತಿತ್ತು. ತೊರೆಯೊಂದು ದಾರಿಗೆ ಅಡ್ಡ ಬಂತು, ಆಮೇಲೆ ಇನ್ನೊಂದು, ಅದಾದ ಮೇಲೆ ಮೊದಲನೆಯದೇ ಸುತ್ತಿ ಬಂದು ಮತ್ತೆ ಎದುರಾಯಿತು. ಇಂಥ ಕಾಡಿನಲ್ಲಿ ಸುಮ್ಮನೆ ನಿಂತು ನೋಡಬೇಕೆನಿಸುವುದು ಸಹಜ. ಆದರೆ ‘ಪ್ರಕೃತಿ ಸೌಂದರ್ಯ ನೋಡುವುದು’ ಎಂಬ ಕಾರ್ಡು ಮಧ್ಯಾಹ್ನದ ಮೇಲಿತ್ತು, ಹಾಗಾಗಿ ಯಾರೂ ತಲೆ ಎತ್ತುವಂತಿರಲಿಲ್ಲ.

ಗುಹೆಯೆಂದರೆ ಬಾವಿಯಂಥ ಕೊರಕಲು, ಎರಡಂತಸ್ತಿನ ಆಳ. ಟೀಚರಮ್ಮ ಹಗ್ಗವನ್ನು ದಡದ ಮರಕ್ಕೆ ಬಳಸಿ ಎರಡೂ ತುದಿಗಳನ್ನು ಕೆಳಗೆ ಬಿಟ್ಟರು. ಡಾಕ್ಟರು ಇಳಿದರು. ಪ್ಲಾನಪ್ಪ ಕಣ್ಣು ಮುಚ್ಚಿಕೊಂಡು ಇಳಿದ. ಕೊನೆಗೆ ಟೀಚರಮ್ಮ ಸರ್ರನೆ ಜಾರಿ ಬಂದರು.

ಒಳಗೆ ಛಾವಣಿಯ ತುಂಬ ಬಾವಲಿಗಳು. ಬಂಡೆಯ ಮೇಲೆ ಪೆಟ್ಟಿಗೆ ಇಟ್ಟಲ್ಲೇ ಇತ್ತು, ಅದರ ಹಸಿರು ದೀಪ ಇನ್ನೂ ಮಿಣುಕುತ್ತಿತ್ತು. ಡಾಕ್ಟರು ಅದನ್ನು ತಬ್ಬಿಕೊಂಡೇಬಿಟ್ಟರು.

ಅಷ್ಟರಲ್ಲಿ ಹಿಂದಿನಿಂದ ಧೊಪ್ಪನೆ ಸದ್ದಾಯಿತು.

ಪ್ಲಾನಪ್ಪ ತಿರುಗಿದ. ಹಗ್ಗ ಪೂರ್ತಿ ಕೆಳಗೆ ಬಿದ್ದಿತ್ತು. ಟೀಚರಮ್ಮ ಒಂದು ತುದಿ ಹಿಡಿದೆಳೆದು ಬೀಳಿಸಿ, ಅದನ್ನು ಅಚ್ಚುಕಟ್ಟಾಗಿ ಮಡಚುತ್ತಿದ್ದರು.

“ಅಮ್ಮಾ!” ಅವನ ಕೂಗಿಗೆ ಬಾವಲಿಗಳೆಲ್ಲ ಬೆಚ್ಚಿಬಿದ್ದವು. “ಅಮ್ಮಾ! ಏನ್ ಮಾಡ್ಬಿಟ್ಟೆ?”

“ಯಾಕೋ ಹಂಗ್ ಕಿರುಚ್ತೀಯಾ? ಇಲ್ಲೇ ಇದೀನಲ್ಲ,” ಎಂದು ಅವರು ಜೇಬಿನಿಂದ ಕಾರ್ಡು ತೆಗೆದು ತೋರಿಸಿದರು. ‘ಎಲ್ಲರೂ ಇಳಿದ ಕೂಡಲೇ ಹಗ್ಗ ಬಿಚ್ಚಿ ಮಡಚುವುದು. ಹೊಣೆ: ಅಮ್ಮ.’ ಅವನದೇ ದುಂಡು ಅಕ್ಷರ.

ಕಟ್ಟಡದ ಕೆಲಸದಲ್ಲಿ ಅದು ಅವನ ಮೊದಲ ನಿಯಮ. ಗೋಡೆ ಎದ್ದಿತೋ, ಅಟ್ಟಣಿಗೆ ಬಿಚ್ಚಿಸು. ಕೆಲಸ ಮುಗಿದ ಸಾಮಾನನ್ನು ಒಂದು ಗಳಿಗೆಯೂ ಬಿಡಬೇಡ. ಕೈ ಅಭ್ಯಾಸಬಲದಿಂದ ಬರೆದುಬಿಟ್ಟಿತ್ತು.

“ಮೇಲೆ ಹೋಗೋಕೆ ನೀನು ಬೇರೆ ಏರ್ಪಾಡು ಮಾಡಿರ್ತೀಯ ಅಂದ್ಕೊಂಡೆ ಕಣೋ. ಅಷ್ಟೊಂದ್ ಬರೆದವನು ಅದೊಂದ್ ಮರೀತಾನಾ?”

ಮರೆತಿದ್ದ. ಹೋಗುವುದನ್ನು ಬೂಟಿನ ಲಾಡಿಯವರೆಗೂ ಒಡೆದಿದ್ದವನು, ವಾಪಸ್ಸಿಗೆ ಒಂದೇ ಕಾರ್ಡು ಬರೆದಿದ್ದ: ‘ಮನೆಗೆ ಬರುವುದು.’ ಹೊಣೆ ಯಾರದು ಎಂಬ ಜಾಗ ಖಾಲಿ.

ಮೇಲೆ ಗುಡುಗಿತು. ಗೋಡೆಯ ಬಿರುಕುಗಳಿಂದ ನೀರು ಜಿನುಗಿ, ಆಮೇಲೆ ಧಾರೆಯಾಯಿತು. ಬೂಟು ಮುಳುಗಿತು. ಪ್ಲಾನಪ್ಪ ಬಂಡೆಯ ಮೇಲೆ ಕುಸಿದು ಕೂತ. “ನನ್ನಿಂದ್ಲೇ ಎಲ್ಲಾ ಹಾಳಾಯ್ತು,” ಎಂದು ಅಳತೊಡಗಿದ.

ಪೀಪ್! ಟೀಚರಮ್ಮ ವಿಸಿಲ್ ಊದಿದರು.

“ಅಳೋದಕ್ಕೆ ಕಾರ್ಡ್ ಇದ್ಯಾ?”

“ಇ... ಇಲ್ಲ.”

“ಹಂಗಾದ್ರೆ ಎದ್ದೇಳು.”

ಅವನು ಮೂಗೊರೆಸಿಕೊಂಡು ಎದ್ದ. ಖಾಲಿ ಕಾರ್ಡುಗಳನ್ನು ತೆಗೆದ. ಈ ಸಲ ಕೊನೆಯಿಂದ ಶುರುಮಾಡಿದ. “ನಾವು ಮೂರೂ ಜನ ಮೇಲಿದೀವಿ ಅಂದ್ಕೊಳ್ಳಿ. ಅದಕ್ ಮುಂಚೆ ಏನಾಗ್ಬೇಕು? ಹಗ್ಗ ಮೇಲಿಂದ ಇಳೀಬೇಕು. ಅದಕ್ ಮುಂಚೆ? ಯಾರಾದ್ರೂ ಒಬ್ರು ಹಗ್ಗ ತಗೊಂಡು ಮೇಲೆ ಹೋಗಿರ್ಬೇಕು. ಅದಕ್ ಮುಂಚೆ? ಬೇರೆ ದಾರಿ ಇರ್ಬೇಕು.” ಪೆನ್ಸಿಲ್ ನಿಂತಿತು. “ದಾರಿ ಎಲ್ಲಿದೆ?”

“ಇದೆ!” ಡಾಕ್ಟರು ಚಿಟಿಕೆ ಹೊಡೆದರು. “ಸಂಜೆ ಹೊತ್ತು ಈ ಬಾಯಿಂದ ಅರ್ಧದಷ್ಟು ಬಾವಲಿಗಳೂ ಹೊರಗ್ ಬರಲ್ಲ ಕಣ್ರೀ. ಮಿಕ್ಕಿದ್ದು ಇನ್ನೊಂದ್ ಕಡೆಯಿಂದ ಹೋಗ್ತವೆ. ಆ ಮೂಲೇಲಿ ಕೈಯಿಡಿ, ಗಾಳಿ ಬರ್ತಿದೆ.”

ಅಲ್ಲೊಂದು ಓರೆ ಬಿರುಕು. ಪ್ಲಾನಪ್ಪ ತಲೆ ತೂರಿಸಿದ, ಭುಜ ತೂರಿಸಿದ, ಹೊಟ್ಟೆ ಒಪ್ಪಲಿಲ್ಲ. ಅತ್ತೆ ಸೊಸೆ ಇಬ್ಬರೂ ಕಾಲು ಹಿಡಿದು ಎಳೆದ ಮೇಲೆ ಅಂಗಿಯ ಗುಂಡಿ ಒಳಗೇ ಬಿಟ್ಟು ಹೊರಬಂದ. ಪೆಟ್ಟಿಗೆಯೂ ಅದರಲ್ಲಿ ಹಿಡಿಸಲಿಲ್ಲ. ಟೀಚರಮ್ಮ ಹಗ್ಗದ ತುದಿಯನ್ನು ಕಾಲಿಗೆ ಕಟ್ಟಿಕೊಂಡು ಹಲ್ಲಿಯಂತೆ ಒಳಗೆ ಸರಿದರು. ಹಗ್ಗ ಸರಸರನೆ ಹೋಯಿತು. ನಿಂತಿತು. ಮತ್ತೆ ಹೋಯಿತು. ಕೊನೆಗೆ ಪೂರ್ತಿ ಮಾಯವಾಯಿತು.

ನೀರು ಮೊಣಕಾಲಿಗೆ ಬಂತು. ಪ್ಲಾನಪ್ಪ ಬರೆದ: ‘ಮೊದಲು ಪೆಟ್ಟಿಗೆ. ಆಮೇಲೆ ನೀನು. ಆಮೇಲೆ ನಾನು.’

ಡಾಕ್ಟರು ಕಾರ್ಡು ಇಸಿದುಕೊಂಡು ಹರಿದು ನೀರಿಗೆಸೆದರು. “ಮೊದ್ಲು ನೀವು.”

“ನಿನ್ನಿಷ್ಟು ವರ್ಷದ ದುಡಿಮೆ ಅದ್ರಲ್ಲಿದೆ ಕಣೇ.”

“ಬಾವಲಿಗಳು ಮುಂದಿನ್ ವರ್ಷನೂ ಮರಿ ಹಾಕ್ತವೆ. ನಿಮ್ಮಂಥ ಗಂಡ ಎಲ್ಲಿ ಸಿಗ್ತಾನೆ? ನೀರಿಗೆ ಹೆದ್ರೋರು, ಸುಮ್ನೆ ಹತ್ತಿ.”

ನೀರು ಸೊಂಟಕ್ಕೆ ಬಂದಾಗ ಮೇಲಿನಿಂದ ವಿಸಿಲ್ ಕೇಳಿಸಿತು. ಮೊಳಕ್ಕೊಂದು ಗಂಟು ಹಾಕಿದ ಹಗ್ಗ ಇಳಿದು ಬಂತು. ಹೆಂಡತಿ ನೋಡುವಷ್ಟರಲ್ಲಿ ಪ್ಲಾನಪ್ಪ ಪೆಟ್ಟಿಗೆಯನ್ನು ಬೆನ್ನಿಗೆ ಬಿಗಿದುಕೊಂಡಿದ್ದ.

“ಒಂದು! ಎರಡು! ಬಲಗಾಲು! ಹೊಟ್ಟೆ ಒಳಕ್ಕೆ!” ಟೀಚರಮ್ಮನ ಕವಾಯತು ಶುರುವಾಯಿತು.

ಅವನು ಹತ್ತಿದ. ಜಾರಿದ. ಗಂಟು ತಬ್ಬಿಕೊಂಡು ಜೋಲಿ ಹೊಡೆದ. ಅಂಗೈ ಕಿತ್ತುಬಂತು. ಮತ್ತೆ ಹತ್ತಿದ. ಕೊನೆಗೆ ತಾಯಿ ಕಾಲರ್ ಹಿಡಿದು ದಡಕ್ಕೆಳೆದರು. ಹಿಂದೆಯೇ ಡಾಕ್ಟರು ಬಂದರು. ಮೂವರೂ ಕೆಸರಿನಲ್ಲಿ ಮಲಗಿ, ಸುರಿಯುವ ಮಳೆಗೆ ಮುಖ ಕೊಟ್ಟು ಜೋರಾಗಿ ನಕ್ಕರು. ಪ್ರಕೃತಿ ಸೌಂದರ್ಯ ನೋಡಿದ್ದು ಆಗಲೇ.

ಮರುದಿನ ಊಟದ ಮೇಜಿನ ಮೇಲೆ ಪೆಟ್ಟಿಗೆ ತೆರೆದರು. ಒಳಗೆ ಒಂದು ಹನಿ ನೀರೂ ಹೋಗಿರಲಿಲ್ಲ. ಮರಿಗಳ ದನಿ ನಮ್ಮ ಕಿವಿಗೆ ನಿಲುಕದಷ್ಟು ಕೀಚು. ಅದನ್ನು ನಿಧಾನ ಮಾಡಿದರೆ ಮಾತ್ರ ಕೇಳಿಸುತ್ತದೆ. ಚಿಂವ್ ಎಂದು ಒಂದು ಮರಿ. ಅದಕ್ಕೆ ತಾಯಿಯ ಉತ್ತರ. ಡಾಕ್ಟರ ಕಣ್ಣು ತುಂಬಿ ಬಂತು.

ಕೊನೆಯಲ್ಲಿ ಕೋಣ ಗುಟುರು ಹಾಕಿದಂಥ ಸದ್ದೊಂದು ಬಂತು.

“ಇದ್ಯಾವ ಪ್ರಾಣಿ?” ಎಂದು ಡಾಕ್ಟರು ವೇಗ ಸರಿ ಮಾಡಿದರು.

‘ಅಮ್ಮಾ!’ ಎಂದಿತು ಯಂತ್ರ. ‘ಯಾಕೋ ಹಂಗ್ ಕಿರುಚ್ತೀಯಾ? ಇಲ್ಲೇ ಇದೀನಲ್ಲ.’

ಯಂತ್ರ ಆರಿಸುವ ಕಾರ್ಡನ್ನೂ ಪ್ಲಾನಪ್ಪ ಬರೆದಿರಲಿಲ್ಲ.

ಅವನ ಕಿವಿ ಕೆಂಪಾಯಿತು. “ಅದನ್ನ ಅಳಿಸ್ಬಿಡೇ.”

“ಅಳಿಸ್ತೀನಾ? ಇದಕ್ಕಿಂತ ಒಳ್ಳೆ ಪುರಾವೆ ಎಲ್ಲಿ ಸಿಗತ್ತೆ?” ಎಂದರು ಡಾಕ್ಟರು.

ಟೀಚರಮ್ಮ ಎದ್ದು ಹೋಗಿ, ‘ಮನೆಗೆ ಬರುವುದು’ ಎಂಬ ಕಾರ್ಡನ್ನು ಹಗ್ಗದಿಂದ ಬಿಡಿಸಿ, ಹೊಣೆಯ ಖಾಲಿ ಜಾಗದಲ್ಲಿ ‘ಅಮ್ಮ’ ಎಂದು ಬರೆದರು. ಆಮೇಲೆ ಹಗ್ಗ ಬಿಚ್ಚಿ ಮಡಚಿದರು.