ಪಾಲಯ್ಯನ ಮುಷ್ಟಿಯಲ್ಲಿದ್ದ ದಾಳ

ಸೋಮವಾರ ಸಂಜೆ ಐದಕ್ಕೆ ದಾಳ ಉರುಳಿತು, ಆರು ಬಿತ್ತು. ಆರೂವರೆಗೆ ಪಾಲಯ್ಯನ ಕುರಿಮಂದೆ ಮೋಹನ್‌ಕುಮಾರನ ಹೊಲ ಸೇರಿತು. ಮಂಗಳವಾರ ಬೆಳಿಗ್ಗೆ ಆರೂ ಹತ್ತಕ್ಕೆ ಅದೇ ಹೊಲದಲ್ಲಿ ಪಾಲಯ್ಯನ ಹೆಣ ಸಿಕ್ಕಿತು. ಏಳಕ್ಕೆ ಯಲ್ಲದಕೆರೆಯ ಜನ ರೈತ ಜುಂಜಣ್ಣನನ್ನು ಬೇವಿನ ಮರಕ್ಕೆ ಕಟ್ಟಿ ಬಡಿಯತೊಡಗಿದರು.

ಹಿರಿಯೂರಿನಿಂದ ಪಿಎಸ್‌ಐ ಹೇಮಾವತಿ ಬಂದಾಗ ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ಬಾಯಿಂದ ರಕ್ತ ಸುರಿಯುತ್ತಿತ್ತು.

"ಸಾಕು, ಹೊಡೀಬೇಡ್ರಿ! ತನಿಖೆ ಮುಗಿಯೋವರೆಗೆ ಅವನು ಅಲ್ಲೇ ಇರ್ಲಿ."

"ಇವನೇ ಮೇಡಂ ಕೊಂದಿದ್ದು," ಎಂದ ಮೋಹನ್‌ಕುಮಾರ. "ತಲೆ ಒಡೀತೀನಿ ಅಂತ ನಿನ್ನೆ ಕೂಗಾಡಿದ್ದ."

"ಕೂಗಿದ್ದು ದಿಟ ಕಣಮ್ಮ," ಜುಂಜಣ್ಣ ಹಲ್ಲೊಂದನ್ನು ಉಗುಳಿದ. "ಮಂದೆ ನನ್ ಹೊಲಕ್ಕೆ ಒಂದ್ ಸಲಾನೂ ಬರ್ಲಿಲ್ಲ. ಹೊಡೆದೋನು ನಾನಲ್ಲ."

\*

ಕಲ್ಲೇಟಿಗೆ ಪಾಲಯ್ಯನ ತಲೆಬುರುಡೆ ಒಳಕ್ಕೆ ಕುಸಿದಿತ್ತು. ಬಲಗೈಯ ಮೂರು ಬೆರಳುಗಳು ಹಿಂದಕ್ಕೆ ಮುರಿದಿದ್ದವು. ಆದರೂ ಅಂಗೈಯಲ್ಲಿ ಒಂದು ದಾಳವಿತ್ತು.

ಮುರಿದ ಬೆರಳು ಏನನ್ನೂ ಹಿಡಿಯಲಾರದು. ಯಾರೋ ಮುಷ್ಟಿ ಬಿಡಿಸಿ ಒಂದನ್ನು ಕಿತ್ತು ಇನ್ನೊಂದನ್ನು ಇಟ್ಟಿದ್ದಾರೆ, ಎಂದುಕೊಂಡಳು ಹೇಮಾವತಿ.

ಪಾಲಯ್ಯನ ಹೆಂಡತಿ ಕೆಂಚಕ್ಕ ಪದ್ಧತಿಯನ್ನು ವಿವರಿಸಿದಳು. ಹಿಕ್ಕೆಯ ಗೊಬ್ಬರಕ್ಕಾಗಿ ಆರು ರೈತರು ಮಂದೆಯನ್ನು ಕರೆಯುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಅಂಕಿ. ಯಾರ ಅಂಕಿ ಬಿತ್ತೋ ಅವರ ಹೊಲದಲ್ಲಿ ಮಂದೆ.

"ದಾಳ ಯಾರ ಹತ್ರ ಇರ್ತದೆ?"

"ಮಂದೆ ತಂಗಿದ ಹೊಲದೋರ ಹತ್ರ. ನಿನ್ನೆ ಮಾತ್ರ ನಮ್ಮೋರು ಮೋಹನಪ್ಪಂಗೆ ವಾಪಸ್ ಕೊಡ್ಲಿಲ್ಲ. ನಾಳೆ ಊರೋರ ಮುಂದೆ ಇದನ್ನ ಒಡೆದು ನೋಡಾಣ ಅಂದ್ರು."

ದಾಳ ಉರುಳಿಸುವ ಬಂಡೆಯ ಮೇಲೆ ಈ ವರ್ಷದ ಹನ್ನೆರಡು ಸರದಿಗಳ ಇದ್ದಿಲ ಗುರುತುಗಳಿದ್ದವು. ಅದರಲ್ಲಿ ಒಂಬತ್ತು ಸಲ ಆರು ಬಿದ್ದಿತ್ತು. ಆರು ಮೋಹನ್‌ಕುಮಾರನ ಅಂಕಿ.

\*

ಹೇಮಾವತಿ ಸಂಖ್ಯಾಶಾಸ್ತ್ರದ ಪದವೀಧರೆ. ಹೆಣದ ಕೈಯಲ್ಲಿದ್ದ ದಾಳವನ್ನು ಅರವತ್ತು ಸಲ ಉರುಳಿಸಿದಳು. ಸರಿಯಾದ ದಾಳದಲ್ಲಿ ಹತ್ತು ಸಲ ಆರು ಬೀಳಬೇಕು; ಇದರಲ್ಲಿ ಹನ್ನೊಂದು ಸಲ ಬಿತ್ತು. ಅನಂತರ ದ್ವಿಪದ ಸೂತ್ರ ಬರೆದಳು. ಇಂಥ ದಾಳದಲ್ಲಿ ಹನ್ನೆರಡು ಸಲಕ್ಕೆ ಒಂಬತ್ತೋ ಅದಕ್ಕಿಂತ ಹೆಚ್ಚೋ ಆರು ಬೀಳುವ ಸಂಭವ 74,519ರಲ್ಲಿ ಒಂದು.

"ಅದೃಷ್ಟ ಮೇಡಂ," ನಕ್ಕ ಮೋಹನ್‌ಕುಮಾರ.

"ಅಷ್ಟು ಅದೃಷ್ಟ ಇದ್ದೋರು ಪಾಲಯ್ಯನ ಬೆರಳು ಯಾಕ್ರಿ ಮುರಿದ್ರಿ? ಈ ದಾಳ ಸರಿಯಾಗೈತೆ. ಅಂದ್ಮೇಲೆ ವರ್ಷವೆಲ್ಲ ಉರುಳಿಸಿದ್ದು ಇದನ್ನಲ್ಲ. ಆ ದಾಳ ಒಡೆದ್ರೆ ಮರ್ಯಾದೆ ಹೋಗ್ತಿದ್ದದ್ದು ನಿಮ್ಮೊಬ್ಬರದೇ. ಜೇಬು ತೋರಿಸ್ರಿ."

ಅವನು ಬೇಲಿಯಲ್ಲಿದ್ದ ಕುಡುಗೋಲು ಕಿತ್ತು ಬೀಸಿದ. ಅವಳ ತೋಳು ಸೀಳಿತು. ಪೇದೆ ದುರುಗೇಶನ ಲಾಠಿ ಮೋಹನ್‌ಕುಮಾರನ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿತು. ಕೆಳಗೆ ಬಿದ್ದವನ ಜೇಬಿನಿಂದ ಎರಡನೆಯ ದಾಳ ಹೊರಬಂತು.

ಹೇಮಾವತಿ ಒಂದೇ ಕೈಯಲ್ಲಿ ಜುಂಜಣ್ಣನ ಹಗ್ಗ ಬಿಚ್ಚಿದಳು.

ಆ ಎರಡನೆಯ ದಾಳದ ಬಗ್ಗೆ ಪ್ರಯೋಗಾಲಯದ ವರದಿ ಒಂಬತ್ತನೆಯ ದಿನ ಬಂತು: ಅರವತ್ತು ಸಲಕ್ಕೆ ನಲವತ್ತಮೂರು ಆರು, ಒಂದರ ಚುಕ್ಕೆಯ ಹಿಂದೆ ಸೀಸ, ಚುಕ್ಕೆಯಲ್ಲಿ ಪಾಲಯ್ಯನ ರಕ್ತ.