ಕಾಕಾನ ಪಾಲಿನ ಹಾಲು

“ಕಾಕಾನ ಪಾಲು ಅನ್ನಬ್ಯಾಡ. ತಿಳೀತಿಲ್ಲೋ?”

ಅಪ್ಪ ಹಾಗಂದಾಗ ವಾಣಿಶ್ರೀಯ ಕೈಯಲ್ಲಿ ಹಾಲು ತುಂಬಿದ ಕೊಬ್ಬರಿ ಬಟ್ಟಲಿತ್ತು. ಮುಂದೆ ಮಣೆಯ ಮೇಲೆ ಮಣ್ಣಿನ ನಾಗಪ್ಪ ಹೆಡೆಯೆತ್ತಿ ಕೂತಿದ್ದ. ಪಂಚಮಿಯ ದಿನ ಅವರ ಮನೆಯಲ್ಲಿ ಒಬ್ಬೊಬ್ಬರೇ ಬಂದು, ಮನೆಯವರನ್ನೆಲ್ಲ ನೆನೆದು, ಪ್ರತಿಯೊಬ್ಬರ ಪಾಲಿಗೂ ಒಂದು ತೊಟ್ಟು ಹಾಲೆರೆಯಬೇಕು.

ಆದರೆ ಅಂಗಡಿಯ ಜಗಳದಲ್ಲಿ ಅಪ್ಪನ ತಮ್ಮ ಗುರುಪಾದ ಕಾಕಾ ಹುಬ್ಬಳ್ಳಿಯಲ್ಲಿ ಬೇರೆ ಮನೆ ಮಾಡಿದ್ದ. ಅಪ್ಪನಿಗೂ ಅವನಿಗೂ ಮಾತಿಲ್ಲ, ಫೋನಿಲ್ಲ. ದೊಡ್ಡವರ ಜಗಳವೇ ಹೀಗೆ ನೋಡಿ, ಮಕ್ಕಳ ಜಗಳದ ಹಾಗೆ ಸಂಜೆಗೆ ಮುಗಿಯುವುದಿಲ್ಲ. ಪ್ರತಿ ಪಂಚಮಿಗೆ ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟುವವನು ಕಾಕಾ. ಈ ಸಲ ಹಗ್ಗ ಅಟ್ಟದ ಮೇಲೇ ಬಿದ್ದಿತ್ತು. ಅದರ ಜೋತುಬಿದ್ದ ತುದಿ ಕಂಡಾಗೆಲ್ಲ ವಾಣಿಶ್ರೀಗೆ ಅಳು ಬರುತ್ತಿತ್ತು. ಕಾಕಾ ಇನ್ನು ಬರುವುದೇ ಇಲ್ಲವೇನೋ!

ಅವಳು ದೇವರ ಪಾಲು ಎರೆದಳು. ಆಯಿಯ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎರೆದಳು. ಮುಂದಿನದು ನಾಲಿಗೆಯ ತುದಿಗೆ ಬಂದು ನಿಂತಿತು. ಅಪ್ಪ ನೋಡುತ್ತಲೇ ಇದ್ದ. ಅದನ್ನು ನುಂಗಿಕೊಂಡು ಎದ್ದುಬಿಟ್ಟಳು. ಬಟ್ಟಲಲ್ಲಿ ಇನ್ನೂ ಹಾಲು ಉಳಿದಿತ್ತು.

ಆಮೇಲೆ ಅಪ್ಪನ ಸರದಿ. ಅವನು ಮಣೆಯ ಮುಂದೆ ಕೂತು ಕಣ್ಣು ಮುಚ್ಚಿದ.

“ದೇವರ ಪಾಲು. ಅವ್ವನ ಪಾಲು. ತಮ್ಮನ ಪಾಲು.”

ಎಲ್ಲವೂ ಒಂದೇ ಉಸಿರಿಗೆ ಬಂದುಬಿಟ್ಟವು. ಅಪ್ಪ ಗಕ್ಕನೆ ಕಣ್ಣು ತೆರೆದ. ಹಾಲು ಆಗಲೇ ನಾಗಪ್ಪನ ಹೆಡೆಯಿಂದ ಕೆಳಗಿಳಿಯುತ್ತಿತ್ತು. ಅದನ್ನು ವಾಪಸ್ ಬಟ್ಟಲಿಗೆ ಹಾಕಿಕೊಳ್ಳಲು ಬರುತ್ತದೆಯೇ?

ಗೋಡೆಗೆ ಒರಗಿ ಕೂತಿದ್ದ ಅಪ್ಪನ ಅವ್ವ ಆಯಿ, “ಸಣ್ಣಾಂವ ಇದ್ದಾಗಿಂದ ನಿನ್ನ ಬಾಯಾಗ ಅದೇ ಐತಿ. ಇವತ್ತ ಹ್ಯಾಂಗ ಬಿಟ್ಟೀತಪ್ಪಾ?” ಅಂದಳು.

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಈ ಸಂಕಟ ತನಗೊಬ್ಬಳಿಗೇ ಎಂದುಕೊಂಡಿದ್ದಳು ವಾಣಿಶ್ರೀ. ಅಪ್ಪನಿಗೂ ಇತ್ತು.

ಅವಳು ಮೆಲ್ಲಗೆ ಬಂದು ಅಪ್ಪನ ಪಕ್ಕ ಕೂತಳು. ಬಟ್ಟಲಲ್ಲಿ ಉಳಿದದ್ದನ್ನು ಎರೆಯುತ್ತಾ, “ಕಾಕಾನ ಪಾಲು” ಅಂದಳು. ಅಪ್ಪ ಬೇಡ ಅನ್ನಲಿಲ್ಲ.

ತಲೆಯೆತ್ತಿ ತೊಲೆಯನ್ನು ನೋಡುತ್ತಾ ಅಂದ: “ಆ ಜೋಕಾಲಿ ಹಗ್ಗ ಎಲ್ಲಿಟ್ಟಾನೋ ನಿಮ್ಮ ಕಾಕಾ. ಫೋನ್ ಹಚ್ಚಿ ಕೇಳಬೇಕಾತು.”

ಅಟ್ಟದಿಂದ ಜೋತುಬಿದ್ದ ಹಗ್ಗ ಇಬ್ಬರಿಗೂ ಕಾಣುತ್ತಿತ್ತು. ವಾಣಿಶ್ರೀ ಅದರ ಮಾತೇ ಎತ್ತಲಿಲ್ಲ. ಓಡಿಹೋಗಿ ಫೋನ್ ತಂದು ಅಪ್ಪನ ಕೈಗೇ ಕೊಟ್ಟಳು.